ಮೀನು ಉಳಿದಿದೆ, ಬಸವನಹುಳು ಸತ್ತಿದೆ: ಮಲೆನಾಡಿನ ಮನೆಯಲ್ಲೊಂದು ಹವಳದ ತೊಟ್ಟಿ

ಪ್ರಶ್ನೆ: ನಾನು ತೀರ್ಥಹಳ್ಳಿ ಸಮೀಪದ ಅಡಿಕೆ ಬೆಳೆಗಾರ. ಕಳೆದ ಏಪ್ರಿಲ್‌ನಲ್ಲಿ ಸುಮಾರು 175 ಲೀಟರ್ ನೀರು ಹಿಡಿಯುವ ಸಮುದ್ರದ ಅಕ್ವೇರಿಯಂ ಆರಂಭಿಸಿದೆ. ಮೊದಲು ಮಲ್ಪೆಯ ಬಂದರಿನ ಬಳಿ ಕ್ಯಾನುಗಳಲ್ಲಿ ತುಂಬಿ ತಂದ ಸಮುದ್ರದ ನೀರನ್ನೇ ಹಾಕಿದ್ದೆ. ಜೂನ್ ಕೊನೆಯಲ್ಲಿ ಇನ್ನೊಮ್ಮೆ ತಂದೆ. ಮಳೆಯಲ್ಲಿ ಘಾಟಿ ಇಳಿಯುವುದು ಕಷ್ಟವಾದ್ದರಿಂದ ಜುಲೈ ಮಧ್ಯದಿಂದ ಬಾವಿ ನೀರನ್ನು ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಸೋಸಿ, ತೋಟದ ಡ್ರಮ್ಮೊಂದನ್ನು ಚೆನ್ನಾಗಿ ತೊಳೆದು ಅದರಲ್ಲಿ ಅಕ್ವೇರಿಯಂ ಉಪ್ಪು ಕಲಸಿ ಬಳಸುತ್ತಿದ್ದೇನೆ. ಆರ್‌ಒ ನೀರಿನ ಟಿಡಿಎಸ್ (ಕರಗಿದ ಲವಣಗಳ ಅಳತೆ) 30. ಎರಡು ಕ್ಲೌನ್ ಮೀನುಗಳು ಚೆನ್ನಾಗಿವೆ. ಆದರೆ ಡ್ರಮ್ಮಿನ ನೀರು ಹಾಕಿದ ಮರುದಿನವೇ ಸಿಗಡಿ ಸತ್ತಿತು, ಎಂಟು ಬಸವನಹುಳುಗಳಲ್ಲಿ ಈಗ ಎರಡು ಉಳಿದಿವೆ, ಝೋವಾಂತಸ್ ಎಂಬ ಹವಳ ಮುಚ್ಚಿಕೊಂಡೇ ಇದೆ, ಕಲ್ಲು ಮತ್ತು ಮರಳಿನ ಮೇಲೆ ಗುಳ್ಳೆಗಳಿರುವ ಕಂದು ಲೋಳೆ ಹಬ್ಬಿದೆ. ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟ್, ನೈಟ್ರೇಟ್, ಫಾಸ್ಫೇಟ್ ಎಲ್ಲವೂ ಸೊನ್ನೆ, ಪಿಎಚ್ 7.7, ಆಲ್ಕಲಿನಿಟಿ (ಪಿಎಚ್ ಕುಸಿಯದಂತೆ ತಡೆಯುವ ಶಕ್ತಿ) 5.5 ಡಿಕೆಎಚ್, ಉಪ್ಪಿನಂಶದ ಮಾಪಕ 1.021 ತೋರಿಸುತ್ತದೆ. ಅಂಗಡಿಯವರ ಮಾತಿನಂತೆ ಪಿಎಚ್ ಏರಿಸುವ ದ್ರಾವಣ, ಬ್ಯಾಕ್ಟೀರಿಯಾ ದ್ರವ, ಫಾಸ್ಫೇಟ್ ಹೀರುವ ಪುಡಿ ಎಲ್ಲವನ್ನೂ ಹಾಕಿದ್ದೇನೆ. ಇನ್ನು ಯಾವ ಔಷಧ ಹಾಕಬೇಕು?

ಉತ್ತರ: ಸದ್ಯಕ್ಕೆ ಯಾವುದನ್ನೂ ಹಾಕಬೇಡಿ. ಪಿಎಚ್ ದ್ರಾವಣವನ್ನೂ ಬ್ಯಾಕ್ಟೀರಿಯಾ ದ್ರವವನ್ನೂ ಇಂದೇ ನಿಲ್ಲಿಸಿ, ಫಾಸ್ಫೇಟ್ ಪುಡಿಯ ಚೀಲವನ್ನು ತೊಟ್ಟಿಯಿಂದ ಹೊರಗೆ ತೆಗೆಯಿರಿ. ಕಾರಣವನ್ನು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಬಹಳ ಮುಖ್ಯವಾದ ಸುಳಿವು ಅಂಕಿಗಳಲ್ಲಿಲ್ಲ. ಯಾರು ಸತ್ತರು, ಯಾರು ಉಳಿದರು ಎಂಬುದರಲ್ಲಿದೆ. ಅಮೋನಿಯಾ ಏರಿದ್ದರೆ ಅಥವಾ ಕರೆಂಟು ಹೋಗಿ ನೀರಿನಲ್ಲಿ ಆಮ್ಲಜನಕ ತಗ್ಗಿದ್ದರೆ ಮೊದಲು ಮೇಲ್ಮೈಗೆ ಬಂದು ಏದುಸಿರು ಬಿಡುತ್ತಿದ್ದುದು ಮೀನುಗಳೇ. ನಿಮ್ಮಲ್ಲಿ ಮೀನುಗಳು ಆರಾಮವಾಗಿದ್ದು, ಬೆನ್ನೆಲುಬಿಲ್ಲದ ಜೀವಿಗಳಷ್ಟೇ ಸಾಲಾಗಿ ಸಾಯುತ್ತಿವೆ. ಇಂಥ ಸಾವಿಗೆ ಹೆಚ್ಚಾಗಿ ಕಾರಣವಾಗುವ ಸಂಗತಿಗಳು ಎರಡು: ಒಂದು ತಾಮ್ರ, ಇನ್ನೊಂದು ಡೈನೋಫ್ಲಾಜೆಲೇಟ್ ಎಂಬ ಸೂಕ್ಷ್ಮಜೀವಿಯ ವಿಷ. ನಿಮ್ಮ ತೊಟ್ಟಿಯಲ್ಲಿ ಎರಡೂ ಇರಬಹುದೆಂಬುದು ನನ್ನ ಅನುಮಾನ. ಆದರೆ ಡ್ರಮ್ಮಿನ ನೀರು ಹಾಕಿದ ಮರುದಿನವೇ ಸಿಗಡಿ ಸತ್ತಿರುವುದರಿಂದ ಮೊದಲು ತಾಮ್ರವನ್ನೇ ವಿಚಾರಿಸಬೇಕು. ಉಪ್ಪಿನಂಶ ಒಮ್ಮೆಗೇ ಬದಲಾದರೂ ಸಿಗಡಿ ಸಾಯುತ್ತದೆ ಎಂಬುದು ನಿಜ. ಆದರೆ ಆ ಕಾರಣದಿಂದ ಬಸವನಹುಳುಗಳು ವಾರಗಟ್ಟಲೆ ಒಂದೊಂದಾಗಿ ಸಾಯುವುದಿಲ್ಲ.

ಆ ಡ್ರಮ್ಮು ತೋಟದಲ್ಲಿ ಯಾವ ಕೆಲಸಕ್ಕೆ ಬಳಕೆಯಾಗುತ್ತಿತ್ತು? ಜುಲೈ ಮಧ್ಯವೆಂದರೆ ನಮ್ಮ ಕಡೆ ಕೊಳೆರೋಗಕ್ಕೆ ಎರಡನೆಯ ಸಲ ಔಷಧಿ ಹೊಡೆಯುವ ಕಾಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು 1 ಕಿಲೋ ಸುಣ್ಣ ಸೇರಿಸಿ ಶೇಕಡಾ 1ರ ಬೋರ್ಡೋ ದ್ರಾವಣ ಮಾಡುವುದು ನಿಮಗೆ ನಾನು ಹೇಳಿಕೊಡಬೇಕಾದ ವಿಷಯವಲ್ಲ. ಆ ಡ್ರಮ್ಮಿನಲ್ಲಿ ಒಮ್ಮೆಯಾದರೂ ಬೋರ್ಡೋ ಕಲಸಿದ್ದರೆ, ಅಥವಾ ಮೈಲುತುತ್ತವನ್ನು ಮಾತ್ರ ಕರಗಿಸಿದ್ದರೂ, ತೊಟ್ಟಿಯ ಮಟ್ಟಿಗೆ ಅದು ಶಾಶ್ವತವಾಗಿ ಮೈಲಿಗೆಯಾಯಿತೆಂದೇ ತಿಳಿಯಿರಿ. ಸುಣ್ಣ ಸೇರಿಸುವುದರಿಂದ ಬೋರ್ಡೋದಲ್ಲಿರುವ ತಾಮ್ರ ಎಲೆಗೂ ಕಾಯಿಗೂ ಅಂಟಿಕೊಂಡು ಮಳೆಗೆ ಸುಲಭವಾಗಿ ತೊಳೆದುಹೋಗುವುದಿಲ್ಲ. ಅದೇ ಗುಣದಿಂದ ಅದು ಪ್ಲಾಸ್ಟಿಕ್ಕಿನ ಗೀರುಗಳಲ್ಲಿಯೂ ಕುಳಿತುಬಿಡುತ್ತದೆ. ಬರಿಯ ನೀರಿನಲ್ಲಿ ಎಷ್ಟು ಸಲ ತೊಳೆದರೂ ಪೂರ್ತಿ ಹೋಗುವುದಿಲ್ಲ, ಉಪ್ಪುನೀರು ಒಂದು ರಾತ್ರಿ ನಿಂತರೆ ನಿಧಾನವಾಗಿ ಬಿಡುತ್ತದೆ.

ಎಷ್ಟು ತಾಮ್ರ ಸಾಕು ಎಂಬುದನ್ನು ಲೆಕ್ಕ ಹಾಕಿ ನೋಡೋಣ. ಮೈಲುತುತ್ತದ ತೂಕದಲ್ಲಿ ಸುಮಾರು ಕಾಲುಭಾಗ ತಾಮ್ರ. ನಿಮ್ಮ 175 ಲೀಟರಿನಲ್ಲಿ ಪ್ರತಿ ಲೀಟರಿಗೆ 0.1 ಮಿಲಿಗ್ರಾಂ ತಾಮ್ರವಾಗಬೇಕಾದರೆ ಬೇಕಾಗುವುದು ಸುಮಾರು 70 ಮಿಲಿಗ್ರಾಂ ಮೈಲುತುತ್ತ, ಅಂದರೆ ಒಂದು ಚಿಟಿಕೆಗೂ ಕಡಿಮೆ. ಮೀನಿನ ಪರಾವಲಂಬಿಗಳನ್ನು ಕೊಲ್ಲಲು ಬೇರೆ ತೊಟ್ಟಿಯಲ್ಲಿ ಕೊಡುವ ತಾಮ್ರದ ಚಿಕಿತ್ಸೆಯ ಪ್ರಮಾಣ ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ, ಮೀನು ಅದನ್ನು ತಡೆದುಕೊಳ್ಳುತ್ತದೆ, ಸಿಗಡಿ, ಬಸವನಹುಳು, ಹವಳಗಳು ಅದಕ್ಕಿಂತ ಎಷ್ಟೋ ಕಡಿಮೆಯಲ್ಲಿಯೇ ಸಾಯುತ್ತವೆ. ಮನೆಯಲ್ಲಿ ಬಳಸುವ ತಾಮ್ರದ ಪರೀಕ್ಷಾ ಕಿಟ್ಟು ಅಷ್ಟು ಸಣ್ಣ ಪ್ರಮಾಣವನ್ನು ಹಿಡಿಯಲಾರದು. ಆದ್ದರಿಂದ ಕಿಟ್ಟಿನಲ್ಲಿ ಬಣ್ಣ ಬಂದರೆ ತಾಮ್ರವಿರುವುದು ಖಚಿತ, ಬರದಿದ್ದರೆ ಇಲ್ಲವೆಂದು ಹೇಳುವಂತಿಲ್ಲ. ಪರೀಕ್ಷೆಯನ್ನು ತೊಟ್ಟಿಯ ನೀರಿಗಿಂತ ಡ್ರಮ್ಮಿನ ಮೇಲೆಯೇ ಮಾಡುವುದು ಉತ್ತಮ: ಅದರೊಳಗೆ ಒಂದೆರಡು ಲೀಟರ್ ಉಪ್ಪುನೀರನ್ನು ಎರಡು ದಿನ ಬಿಟ್ಟು, ಡ್ರಮ್ಮನ್ನು ಆಗಾಗ ಉರುಳಿಸಿ, ಆ ನೀರನ್ನು ಪರೀಕ್ಷಿಸಿ. ಬಾವಿಯಿಂದ ತೊಟ್ಟಿಯವರೆಗಿನ ದಾರಿಯಲ್ಲಿ ಹಿತ್ತಾಳೆಯ ನಲ್ಲಿ, ಬಚ್ಚಲಿನ ತಾಮ್ರದ ಹಂಡೆ ಎಲ್ಲಿಯಾದರೂ ಬರುತ್ತದೆಯೇ ಎಂಬುದನ್ನೂ ನೋಡಿಕೊಳ್ಳಿ. ಔಷಧಿ ಹೊಡೆದ ದಿನ ಸ್ನಾನ ಮಾಡಿದ ಮೇಲೂ ತೊಟ್ಟಿಯೊಳಗೆ ಕೈ ಹಾಕದಿರುವುದು ಕ್ಷೇಮ.

ಇನ್ನು ಅಂಕಿಗಳಿಗೆ ಬರೋಣ. ನೀವು ಮೂರು ತೊಂದರೆಗಳೆಂದು ಬರೆದಿರುವ ಉಪ್ಪಿನಂಶ, ಆಲ್ಕಲಿನಿಟಿ, ಪಿಎಚ್ ಬಹುಪಾಲು ಒಂದೇ ತೊಂದರೆ. 1.021 ಎಂದರೆ ಸಾವಿರಕ್ಕೆ ಸುಮಾರು 28 ಪಾಲು ಉಪ್ಪು. ಹವಳಗಳಿಗೆ ಬೇಕಾದದ್ದು 35, ಅಂದರೆ 1.026ರ ಆಸುಪಾಸು. ಸಹಜ ಸಮುದ್ರದ ಆಲ್ಕಲಿನಿಟಿ ಸುಮಾರು 7 ಡಿಕೆಎಚ್. ಅದೇ ನೀರನ್ನು 35ರಿಂದ 28ಕ್ಕೆ ತೆಳುಗೊಳಿಸಿದರೆ ಆಲ್ಕಲಿನಿಟಿ 5.6ಕ್ಕೆ ಇಳಿಯುತ್ತದೆ. ನಿಮ್ಮ ಕಿಟ್ಟು ತೋರಿಸಿದ್ದು 5.5. ಅಂದರೆ ನಿಮ್ಮ ತೊಟ್ಟಿಯಲ್ಲಿ ಆಲ್ಕಲಿನಿಟಿಯನ್ನು ಯಾರೂ ತಿಂದಿಲ್ಲ, ನೀರೇ ತೆಳುವಾಗಿದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಪರೀಕ್ಷಿಸಿದರೆ ಅವೂ ಇದೇ ಪ್ರಮಾಣದಲ್ಲಿ ತಗ್ಗಿರುತ್ತವೆ. ಇವನ್ನು ಒಂದೊಂದಾಗಿ ಒಂದೊಂದು ಬಾಟಲಿಯಿಂದ ಸರಿಪಡಿಸಲು ಹೊರಟರೆ ಅಂಗಡಿಗೆ ಲಾಭವೇ ಹೊರತು ತೊಟ್ಟಿಗಲ್ಲ.

ತೆಳುವಾದದ್ದು ಹೇಗೆ? ಮಳೆಗಾಲದಲ್ಲಿ ಪಶ್ಚಿಮ ಘಟ್ಟದ ಹೊಳೆಗಳೆಲ್ಲ ಕೆಂಪಾಗಿ ತುಂಬಿ ಕಡಲು ಸೇರುವಾಗ, ದಡದ ಬಳಿಯ ಮೇಲ್ಪದರದ ನೀರು ಸಿಹಿನೀರು ಬೆರೆತು ಸಪ್ಪೆಯಾಗುತ್ತದೆ. ಮಲ್ಪೆ ಬಂದರಿನ ಬಳಿ ಹೊಳೆಯೇ ಸಮುದ್ರವನ್ನು ಸೇರುತ್ತದೆ. ನೀವು ಜೂನ್ ಕೊನೆಯಲ್ಲಿ ತಂದದ್ದು ಅರ್ಧ ಸಮುದ್ರ, ಅರ್ಧ ಮಳೆ ಎಂದರೆ ಅತಿಶಯವಾದೀತು, ಆದರೆ ಏಪ್ರಿಲ್‌ನ ನೀರಂತೂ ಅದಾಗಿರಲಿಲ್ಲ. ಅಲ್ಲದೆ ಬಂದರಿನ ನೀರಿನಲ್ಲಿ ಡೀಸೆಲ್ ಇರುತ್ತದೆ, ದೋಣಿಗಳ ತಳಕ್ಕೆ ಬಳಿಯುವ ಪಾಚಿನಿರೋಧಕ ಬಣ್ಣಗಳಲ್ಲಿ ತಾಮ್ರ ಸಾಮಾನ್ಯ. ಸಮುದ್ರದ ನೀರನ್ನೇ ಬಳಸಬೇಕೆಂಬ ಆಸೆಯಿದ್ದರೆ ಜನವರಿಯಿಂದ ಏಪ್ರಿಲ್ ನಡುವೆ, ಹೊಳೆಯ ಬಾಯಿ ಮತ್ತು ಬಂದರುಗಳಿಂದ ದೂರದಲ್ಲಿ, ದೋಣಿಯಲ್ಲಿ ಸ್ವಲ್ಪ ಒಳಗೆ ಹೋಗಿ ತರುವುದು ಸರಿ. ನನ್ನ ಅಭಿಪ್ರಾಯ ಕೇಳಿದರೆ, ಘಾಟಿ ಇಳಿದು ಹತ್ತುವ ಖರ್ಚಿನಲ್ಲಿ ಒಳ್ಳೆಯ ಉಪ್ಪಿನ ಚೀಲವೇ ಬರುತ್ತದೆ.

ನಿಮ್ಮ ಮಾಪಕವೂ ಸುಳ್ಳು ಹೇಳುತ್ತಿರಬಹುದು. ಮುಳ್ಳು ತೂಗಾಡುವ ಪ್ಲಾಸ್ಟಿಕ್ ಮಾಪಕವಾದರೆ, ಮುಳ್ಳಿಗೆ ಅಂಟಿದ ಒಂದು ಗಾಳಿಗುಳ್ಳೆ ಅಥವಾ ಒಣಗಿದ ಉಪ್ಪಿನ ಕಣ ಫಲಿತಾಂಶವನ್ನು ಕೆಡಿಸುತ್ತದೆ. ಬೆಳಕು ಬಾಗುವುದನ್ನು ನೋಡಿ ಉಪ್ಪಿನಂಶ ಅಳೆಯುವ ಒಂದು ರಿಫ್ರಾಕ್ಟೋಮೀಟರ್ ಕೊಳ್ಳಿ, ಅದನ್ನು ಶುದ್ಧ ನೀರಿನಿಂದ ಹೊಂದಿಸುವ ಬದಲು 35ರ ಪ್ರಮಾಣ ದ್ರಾವಣದಿಂದಲೇ ಹೊಂದಿಸಿಕೊಳ್ಳಿ. ಸೊನ್ನೆಯಲ್ಲಿ ಸರಿಯಿರುವ ಉಪಕರಣ 35ರಲ್ಲಿ ತಪ್ಪುವುದನ್ನು ನಾನು ಹಲವು ಸಲ ಕಂಡಿದ್ದೇನೆ.

ಪಿಎಚ್ 7.7ಕ್ಕೆ ತೆಳುನೀರಿನ ಜೊತೆಗೆ ಇನ್ನೊಂದು ಕಾರಣವೂ ಇರಬಹುದು: ಮನೆಯೊಳಗಿನ ಗಾಳಿ. ಆಷಾಢದ ಮಳೆಗೆ ಕಿಟಕಿ ಬಾಗಿಲು ಮುಚ್ಚಿ, ಒಳಗೆ ಒಲೆ ಉರಿದು, ನಾಲ್ಕು ಜನ ಉಸಿರಾಡುವ ಮನೆಯಲ್ಲಿ ಇಂಗಾಲದ ಡೈಆಕ್ಸೈಡ್ ಹೊರಗಿಗಿಂತ ಹೆಚ್ಚಿರುತ್ತದೆ. ಅದು ನೀರಿನಲ್ಲಿ ಕರಗಿ ಪಿಎಚ್ ಇಳಿಸುತ್ತದೆ. ಇದನ್ನು ತಿಳಿಯಲು ಯಾವ ಬಾಟಲಿಯೂ ಬೇಡ. ಒಂದು ಲೋಟ ತೊಟ್ಟಿಯ ನೀರನ್ನು ಹೊರಗಿನ ಜಗುಲಿಗೆ ಒಯ್ದು, ಸಣ್ಣ ಏರ್ ಪಂಪಿನಿಂದ ಒಂದು ಗಂಟೆ ಗಾಳಿಯಾಡಿಸಿ ಪಿಎಚ್ ನೋಡಿ. ಏರಿದರೆ ತಪ್ಪು ಗಾಳಿಯದ್ದು; ಆಗ ಪ್ರೋಟೀನ್ ಸ್ಕಿಮ್ಮರಿನ (ಗಾಳಿಗುಳ್ಳೆಗಳಿಂದ ನೀರಿನ ಕೊಳೆ ತೆಗೆಯುವ ಸಾಧನದ) ಗಾಳಿಯ ಕೊಳವೆಯನ್ನು ಕಿಟಕಿಯಿಂದ ಹೊರಗೆ ಬಿಟ್ಟರೆ ಸಾಕು. ಔಷಧಿ ಹೊಡೆಯುವ ದಿನಗಳಲ್ಲಿ ಮಾತ್ರ ಮರೆಯದೆ ಒಳಗೆ ಎಳೆದುಕೊಳ್ಳಿ. 7.8ರಿಂದ 8.4ರ ನಡುವೆ ಪಿಎಚ್ ಎಲ್ಲಿದ್ದರೂ ಅದರ ಹಿಂದೆ ಬೀಳಬೇಕಾಗಿಲ್ಲ.

ಈಗ ಕಂದು ಲೋಳೆ. ಹೊಸ ತೊಟ್ಟಿಯಲ್ಲಿ ಮೊದಲ ಕೆಲವು ವಾರ ಕಾಣುವ ಕಂದು ಪುಡಿ ಸಾಮಾನ್ಯವಾಗಿ ಡಯಾಟಮ್ ಎಂಬ ಸೂಕ್ಷ್ಮ ಪಾಚಿ. ಬೆರಳಿನಿಂದ ಒರೆಸಿದರೆ ಧೂಳಿನಂತೆ ಏಳುತ್ತದೆ, ತಾನಾಗಿ ಬಂದು ತಾನಾಗಿ ಹೋಗುತ್ತದೆ. ನಿಮ್ಮದು ಗುಳ್ಳೆಗಳಿರುವ ಲೋಳೆ. ರಾತ್ರಿ ದೀಪ ಆರಿಸಿದ ಮೇಲೆ ಕಡಿಮೆಯಾಗಿ, ಬೆಳಿಗ್ಗೆ ದೀಪ ಹಚ್ಚಿದ ಕೆಲವು ಗಂಟೆಗಳಲ್ಲಿ ಎಳೆ ಎಳೆಯಾಗಿ ಮತ್ತೆ ತಲೆಯೆತ್ತಿದರೆ ಅದು ಡೈನೋಫ್ಲಾಜೆಲೇಟ್. ಮನೆಯಲ್ಲಿಯೇ ಮಾಡಬಹುದಾದ ಪರೀಕ್ಷೆಯೊಂದಿದೆ: ಲೋಳೆಯನ್ನು ಸ್ವಲ್ಪ ನೀರಿನೊಡನೆ ಬಾಟಲಿಗೆ ಹಾಕಿ ಚೆನ್ನಾಗಿ ಕುಲುಕಿ, ಕಾಫಿ ಸೋಸುವ ಕಾಗದದಲ್ಲಿ ಸೋಸಿ, ಸೋಸಿದ ನೀರನ್ನು ಬೆಳಕಿನಲ್ಲಿ ಒಂದು ಗಂಟೆ ಇಡಿ. ಅದು ಮತ್ತೆ ಒಟ್ಟುಗೂಡಿ ಎಳೆಗಟ್ಟಿದರೆ ಡೈನೋ ಎಂದು ಬಹುಮಟ್ಟಿಗೆ ಹೇಳಬಹುದು. ಇನ್ನೂ ಖಚಿತವಾಗಬೇಕಾದರೆ ಸಮೀಪದ ಪದವಿ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ಒಂದು ತೊಟ್ಟು ಒಯ್ದು, 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಲ್ಲಿ ತೋರಿಸಿಕೊಂಡು ಬನ್ನಿ. ಗಾಜಿನ ಚಿಪ್ಪಿನಂತೆ ಗಡಸಾಗಿ ಕಾಣುವುದು ಡಯಾಟಮ್; ಈಜಾಡುವುದು ಡೈನೋ. ಅದರಲ್ಲಿಯೂ ಹನಿಯಾಕಾರವಿದ್ದು, ಒಂದು ಬಿಂದುವಿಗೆ ಕಟ್ಟಿಹಾಕಿದಂತೆ ಗಿರಗಿರನೆ ಸುತ್ತುವುದು ಆಸ್ಟ್ರಿಯೋಪ್ಸಿಸ್. ಅದನ್ನು ತಿಂದ ಬಸವನಹುಳುಗಳು ಮಗುಚಿ ಬಿದ್ದು ಸಾಯುತ್ತವೆ.

ಡೈನೋಗಳು ಬಲಿಯುವುದು ಬಹುಪಾಲು ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಗಿಳಿದ ತೊಟ್ಟಿಗಳಲ್ಲಿ. ತೊಟ್ಟಿ ಇನ್ನೂ ಎಳೆಯದು, ಅದರಲ್ಲಿ ಬೇರೆ ಪಾಚಿ, ಬ್ಯಾಕ್ಟೀರಿಯಾಗಳು ನೆಲೆಯೂರುವ ಮೊದಲೇ ಆಹಾರವನ್ನೆಲ್ಲ ಹೀರಿ ತೆಗೆದರೆ, ಬರಗಾಲವನ್ನು ಸಹಿಸಬಲ್ಲ ಡೈನೋಗಳಿಗೆ ಮೈದಾನ ಬಿಟ್ಟುಕೊಟ್ಟಂತೆ. ಫಾಸ್ಫೇಟ್ ಪುಡಿಯನ್ನು ಹೊರಗೆ ತೆಗೆಯಿರಿ ಎಂದದ್ದು ಇದಕ್ಕಾಗಿ. ಲೀಟರಿಗೆ ನೈಟ್ರೇಟ್ 5ರಿಂದ 10 ಮಿಲಿಗ್ರಾಂ, ಫಾಸ್ಫೇಟ್ 0.05ರಿಂದ 0.1 ಮಿಲಿಗ್ರಾಂ ಇರುವಂತೆ ನೋಡಿಕೊಳ್ಳಿ. ಅದಕ್ಕೆ ಮೀನುಗಳಿಗೆ ದಿನಕ್ಕೆ ಇನ್ನೊಂದು ಸಲ ಆಹಾರ ಹಾಕುವುದೇ ನನಗೆ ಇಷ್ಟವಾದ ದಾರಿ. ಗೊಬ್ಬರದಂಗಡಿಯ 13-0-45 (ಪೊಟ್ಯಾಸಿಯಂ ನೈಟ್ರೇಟ್) ಕೂಡ ನೈಟ್ರೇಟೇ ಅಲ್ಲವೇ ಎಂದು ನೀವು ಕೇಳಬಹುದು. ಹೌದು, ಆದರೆ ತೋಟದ ಗೊಬ್ಬರದಲ್ಲಿ ಬೇರೆ ಏನಿದೆಯೋ ಅದು ನಿಮ್ಮ ಹವಳಕ್ಕೆ ಬೇಡ. ಆಸ್ಟ್ರಿಯೋಪ್ಸಿಸ್ ಎಂದು ಖಚಿತವಾದರೆ ಮಾತ್ರ ಯುವಿ ದೀಪಕ್ಕೆ ಹಣ ಹಾಕಿ, ಏಕೆಂದರೆ ಅದು ರಾತ್ರಿ ನೀರಿಗೆ ಬಿಟ್ಟುಕೊಳ್ಳುತ್ತದೆ. ಮರಳಿನಲ್ಲೇ ಉಳಿಯುವ ಜಾತಿಗಳಿಗೆ ಯುವಿ ತಲುಪುವುದಿಲ್ಲ.

ನೀರಿನ ಮೂಲದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಹೆಮ್ಮೆಯಿದೆ. ಗಂಗಾ ಸ್ನಾನ, ತುಂಗಾ ಪಾನ ಎಂದು ಹೇಳಿಕೊಂಡು ಬೆಳೆದವರು ನಾವು. ಕುಡಿಯಲು ಅದು ನಿಜವಿರಬಹುದು. ಆದರೆ ಜಂಬಿಟ್ಟಿಗೆ ಮಣ್ಣಿನಲ್ಲೂ ಕರಗುತ್ತಿರುವ ಕಲ್ಲಿನ ನಡುವೆಯೂ ಇಳಿದು ಬರುವ ಮಲೆನಾಡಿನ ಬಾವಿ ನೀರು ಎಷ್ಟೇ ಮೆದುವಾಗಿದ್ದರೂ ಅದರಲ್ಲಿ ಡಯಾಟಮ್‌ನ ಗಾಜಿನಂಥ ಚಿಪ್ಪಿಗೆ ಬೇಕಾದ ಸಿಲಿಕೇಟ್ ಇರುತ್ತದೆ, ಎಷ್ಟೋ ಕಡೆ ಕಬ್ಬಿಣವೂ ಇರುತ್ತದೆ. ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ಹರಿಸುವ ಕಣಗಳನ್ನು ಮಾತ್ರ. ಬಾವಿಯ ನೀರಿನಲ್ಲಿ ಸಿಲಿಕೇಟ್ ಹೆಚ್ಚಾಗಿ ವಿದ್ಯುದಂಶವಿಲ್ಲದ ಸಿಲಿಸಿಕ್ ಆಮ್ಲವಾಗಿರುವುದರಿಂದ ಮೀಟರಿನ ಕಣ್ಣಿಗೆ ಬೀಳುವುದೇ ಇಲ್ಲ. ಶಿವಮೊಗ್ಗದ ನನ್ನ ಮನೆಯಲ್ಲಿ ಮೊದಲ ತೊಟ್ಟಿ ಮಾಡಿದಾಗ ಟಿಡಿಎಸ್ 18 ಎಂದು ಬೀಗಿದ್ದೆ. ಐದು ತಿಂಗಳು ದಿನವೂ ಗಾಜಿನಿಂದ ಡಯಾಟಮ್ ಒರೆಸಿದ ಮೇಲೆ ಬುದ್ಧಿ ಬಂತು.

ಅಡುಗೆಮನೆಯ ಆರ್‌ಒ ಯಂತ್ರದಲ್ಲಿ ಇನ್ನೊಂದು ತೊಡಕಿದೆ. ರುಚಿಗಾಗಿ ಅದು ಸ್ವಲ್ಪ ಮೂಲ ನೀರನ್ನು ಮರಳಿ ಬೆರೆಸುತ್ತದೆ, ಅಥವಾ ಖನಿಜದ ಕಾರ್ಟ್ರಿಜ್ ಮೂಲಕ ಹಾಯಿಸುತ್ತದೆ. ನಿಮ್ಮ 30 ಬಹುಶಃ ಅಲ್ಲಿಂದಲೇ ಬಂದದ್ದು. ಮೆಂಬ್ರೇನ್‌ನಿಂದ ಹೊರಬರುವ ನೀರನ್ನು ಬೆರಕೆಗೆ ಮೊದಲೇ ಬೇರೆ ಕೊಳವೆಯಲ್ಲಿ ತೆಗೆದು, ಡಿಐ ರೆಸಿನ್ (ಉಳಿದ ಲವಣಗಳನ್ನು ಹೀರುವ ಹರಳು) ತುಂಬಿದ ಒಂದು ಕೊಳವೆಯ ಮೂಲಕ ಹಾಯಿಸಿದರೆ ಟಿಡಿಎಸ್ ಸೊನ್ನೆಯಾಗುತ್ತದೆ. ರೆಸಿನ್ ಮುಗಿಯುತ್ತ ಬಂದಾಗ ಮೊದಲು ತಪ್ಪಿಸಿಕೊಳ್ಳುವುದೂ ಸಿಲಿಕೇಟೇ, ಆಗಲೂ ಮೀಟರ್ ಸೊನ್ನೆಯನ್ನೇ ತೋರಿಸುತ್ತಿರುತ್ತದೆ. ಆದ್ದರಿಂದ ಮೀಟರ್ ಒಂದಕ್ಕೆ ಬರುವವರೆಗೆ ಕಾಯದೆ ರೆಸಿನ್ ಬದಲಾಯಿಸಿ.

ಇಲ್ಲಿ ಎರಡು ಸಲಹೆಗಳು ಒಂದಕ್ಕೊಂದು ಎದುರು ನಿಲ್ಲುತ್ತವೆ. ತಾಮ್ರವಿದ್ದರೆ ನೀರು ಬದಲಿಸಬೇಕು. ಡೈನೋ ಇದ್ದರೆ, ನೈಟ್ರೇಟ್ ಫಾಸ್ಫೇಟ್‌ಗಳು ಏರಲೆಂದು ನೀರು ಬದಲಿಸುವುದನ್ನು ನಿಲ್ಲಿಸಬೇಕು. ವಿಷ ಮೊದಲು ಹೋಗಲಿ ಎಂಬುದು ನನ್ನ ತೀರ್ಮಾನ. ಆಹಾರದರ್ಜೆಯ ಹೊಸ ಡ್ರಮ್ಮಿನಲ್ಲಿ, ಆರ್‌ಒ–ಡಿಐ ನೀರಿಗೆ ಉಪ್ಪು ಹಾಕಿ 35ಕ್ಕೆ ಕಲಸಿ, ದಿನಕ್ಕೆ 25 ಲೀಟರಿನಂತೆ ಹತ್ತು ದಿನ ಬದಲಿಸಿ. ಪ್ರತಿಸಲ ಏಳನೆಯ ಒಂದು ಭಾಗ ಹೋಗುವುದರಿಂದ ಹತ್ತನೆಯ ದಿನಕ್ಕೆ ನೀರಿನಲ್ಲಿದ್ದ ತಾಮ್ರ ಐದನೆಯ ಒಂದು ಭಾಗದ ಹತ್ತಿರಕ್ಕೆ ಇಳಿಯುತ್ತದೆ, ಉಪ್ಪಿನಂಶ ದಿನಕ್ಕೆ 1ಕ್ಕಿಂತ ಹೆಚ್ಚು ಏರದೆ 28ರಿಂದ 33.5ಕ್ಕೆ ಬರುತ್ತದೆ, ಆಲ್ಕಲಿನಿಟಿಯೂ ಜೊತೆಗೆ ಮೇಲೇರುತ್ತದೆ. ನೀರು ತೆಗೆಯುವಾಗ ಕೊಳವೆಯನ್ನು ಲೋಳೆಯ ಮೇಲೆಯೇ ಹಿಡಿದು ಅದನ್ನೂ ಎಳೆದುಬಿಡಿ. ಈ ಹತ್ತು ದಿನವೂ ಸಕ್ರಿಯ ಇದ್ದಿಲು ಮತ್ತು ತಾಮ್ರ ಹೀರುವ ರೆಸಿನ್ ತೊಟ್ಟಿಯಲ್ಲಿರಲಿ. ಆಮೇಲೆ ನೀರು ಬದಲಿಸುವುದನ್ನು ನಿಲ್ಲಿಸಿ. ಆವಿಯಾದಷ್ಟನ್ನು ಉಪ್ಪುನೀರಿನಿಂದ ತುಂಬುತ್ತ ಉಳಿದ ಒಂದೂವರೆ ಅಂಶವನ್ನು ಏರಿಸಿ, 35 ಆದ ಮೇಲೆ ಬರಿಯ ಶುದ್ಧ ನೀರಿಗೆ ಬನ್ನಿ. ಆಗಲೂ ಆಲ್ಕಲಿನಿಟಿ 7ಕ್ಕಿಂತ ಕೆಳಗಿದ್ದರೆ ಅಡುಗೆ ಸೋಡಾ ಸಾಕು: ನಿಮ್ಮ ತೊಟ್ಟಿಗೆ 5 ಗ್ರಾಂಗಿಂತ ತುಸು ಹೆಚ್ಚು ಸೋಡಾ 1 ಡಿಕೆಎಚ್ ಏರಿಸುತ್ತದೆ, ಒಂದು ದಿನಕ್ಕೆ ಅದಕ್ಕಿಂತ ಹೆಚ್ಚು ಬೇಡ. ಎಲೆಯಡಿಕೆಯ ಸುಣ್ಣದ ತಿಳಿಯನ್ನು ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಸುಣ್ಣದ ತಿಳಿ ಈ ಹವ್ಯಾಸದಲ್ಲಿ ಹಳೆಯ, ಒಳ್ಳೆಯ ಪದ್ಧತಿಯೇ. ಆದರೆ ಅದನ್ನು ಆವಿಯಾದ ನೀರಿನ ಬದಲಿಗೆ ಕೊಡುವುದರಿಂದ, ಒರೆಸಿದ ಬಟ್ಟೆಯೂ ಒಣಗದ ನಮ್ಮ ಮಳೆಗಾಲದಲ್ಲಿ ಅದಕ್ಕೆ ಜಾಗವೇ ಇರುವುದಿಲ್ಲ. ನಿಮ್ಮ ಮೆದು ಹವಳಗಳಿಗೆ ಅದರ ಅಗತ್ಯವೂ ಇಲ್ಲ.

ಮಳೆಗಾಲದ ಇನ್ನೆರಡು ಮಾತು. ಉಪ್ಪಿನ ಚೀಲ ತೇವ ಹೀರಿ ಗಟ್ಟಿಯಾದರೆ ಒಳಗಿನ ಕ್ಯಾಲ್ಸಿಯಂ ಮತ್ತು ಕಾರ್ಬೋನೇಟ್ ಚೀಲದಲ್ಲೇ ಸೇರಿಕೊಂಡು ಕರಗದ ಪುಡಿಯಾಗುತ್ತವೆ. ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಮರ ಬಿದ್ದು ದಿನಗಟ್ಟಲೆ ಕರೆಂಟು ಹೋಗುವ ಊರಿನಲ್ಲಿ, ನೀರು ತಿರುಗಿಸುವ ಸಣ್ಣ ಪಂಪನ್ನಾದರೂ ಇನ್ವರ್ಟರಿಗೆ ಜೋಡಿಸಿ. ಹೀಟರನ್ನು ಇನ್ವರ್ಟರಿಗೆ ಹಾಕಬೇಡಿ, ಬ್ಯಾಟರಿ ಬೇಗನೆ ಮುಗಿಯುತ್ತದೆ.

ತೊಟ್ಟಿ ಸುಧಾರಿಸುವವರೆಗೆ ಹೊಸ ಜೀವಿ ಕೊಳ್ಳಬೇಡಿ, ಕೊಳ್ಳುವಾಗಲೂ ಏನನ್ನು ಎಂಬುದನ್ನು ನೋಡಿಕೊಳ್ಳಿ. ಕಲ್ಲುಹವಳಗಳೆಲ್ಲವೂ ಸಮುದ್ರ ಬೀಸಣಿಗೆಗಳೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ. ನೇತ್ರಾಣಿ ದ್ವೀಪದ ಕಡೆಯಿಂದ ಯಾರಾದರೂ "ಜೀವಂತ ಕಲ್ಲು" ತಂದುಕೊಡುತ್ತೇನೆಂದರೆ ಬೇಡವೆನ್ನಿ.

ಎಲ್ಲ ಅಂಕಿಗಳೂ ಸ್ಥಿರವಾಗಿ, ಲೋಳೆ ಹಿಂದೆ ಸರಿದ ಮೇಲೆ, ಒಂದೇ ಒಂದು ಬಸವನಹುಳುವನ್ನು ತಂದು ಬಿಟ್ಟು ಎರಡು ವಾರ ಗಮನಿಸಿ. ಅದು ಗಾಜಿನ ಮೇಲೆ ಓಡಾಡಿಕೊಂಡಿದ್ದರೆ ಮುಂದಿನದನ್ನು ಯೋಚಿಸಬಹುದು. ಲೋಳೆ ಇಲ್ಲದಿದ್ದರೂ ಅದು ಸತ್ತರೆ, ತಾಮ್ರ ಕಲ್ಲು ಮತ್ತು ಮರಳಿನೊಳಗೆ ಸೇರಿ ಅಲ್ಲಿಂದ ನಿಧಾನವಾಗಿ ಮರಳಿ ಬರುತ್ತಿದೆ ಎಂದರ್ಥ. ಆಗ ಮೀನುಗಳನ್ನು ಬೇರೆ ತೊಟ್ಟಿಗೆ ದಾಟಿಸಿ, ಕಲ್ಲು ಮತ್ತು ಮರಳೆರಡನ್ನೂ ಬದಲಿಸಬೇಕಾಗುತ್ತದೆ. ಹಳೆಯ ಕಲ್ಲುಗಳನ್ನು ಉಳಿಸಿಕೊಳ್ಳುವ ಆಸೆಯಿಂದ ಬಚ್ಚಲಿನ ಹಂಡೆಯಲ್ಲಿ ಕುದಿಸಲು ಮಾತ್ರ ಹೋಗಬೇಡಿ: ಝೋವಾಂತಸ್ ಬಳಗದ ಕೆಲವು ಹವಳಗಳಲ್ಲಿರುವ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯೊಡನೆ ಮೂಗಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ನಡೆದಿವೆ. ಕೈಗೆ ರಬ್ಬರ್ ಗವಸು ಹಾಕಿಕೊಂಡು, ಒದ್ದೆಯಿರುವಾಗಲೇ ಹೊರಗೆ ಒಯ್ದು, ಬಾವಿಗೂ ಹಳ್ಳಕ್ಕೂ ದೂರದಲ್ಲಿ ಗುಂಡಿ ತೋಡಿ ಹೂಳಿಬಿಡಿ.